ಊರೂರು ತಿರುಗಿದ ಆಯಿಯ ಊಟ

ಸಂಜೆಯ ಊಟವನ್ನು ನಾನು ಹೊತ್ತು ಮುಳುಗುವುದರೊಳಗೆ ಮುಗಿಸಿಬಿಡುತ್ತೇನೆ. ಚಳಿಗಾಲದಲ್ಲಿ ಇದು ಸ್ವಲ್ಪ ಕಷ್ಟದ ಕೆಲಸ. ಮಧ್ಯಾಹ್ನ ಉಂಡದ್ದು ಇನ್ನೂ ಎದೆಯ ಮೇಲೆ ಇರುವಾಗಲೇ ಮತ್ತೆ ತಾಟಿನ ಮುಂದೆ ಕೂಡಬೇಕು. ಆ ವೇಳೆಗೆ ಯಾರಾದರೂ ಮನೆಗೆ ಬಂದರೆ ಕೇಳಿಯೇ ಕೇಳುತ್ತಾರೆ: "ಯಾಕ್ರಿ ಮಾಸ್ತರ, ಇಷ್ಟ ಲಗೂ? ಶುಗರ್ ಐತೇನ್ರಿ?"

ನಾನು "ಹೂಂ" ಎನ್ನುತ್ತೇನೆ.

ಹೂಂ ಅಂದ ತಪ್ಪಿಗೆ ಅನುಭವಿಸಿದ್ದೂ ಉಂಟು. ಒಬ್ಬ ಹಳೆಯ ಶಿಷ್ಯ ನಲವತ್ತು ದಿನ ತಪ್ಪದೆ ಹಾಗಲಕಾಯಿ ರಸವನ್ನು ಬಾಟಲಿಯಲ್ಲಿ ತಂದುಕೊಟ್ಟ. ಎದುರಿಗೇ ನಿಂತು ಕುಡಿಸಿ ಹೋಗುತ್ತಿದ್ದ. ಇಲ್ಲದ ರೋಗಕ್ಕೆ ನಾನು ಮುಖ ಕಿವುಚುತ್ತ ಕುಡಿದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಸುಳ್ಳಿಗೆ ಪಥ್ಯಾ ಮಾಡೋ ಮನಷ್ಯಾ ಅಂದ್ರ ಈ ಜಗತ್ತಿನ್ಯಾಗ ನೀವೊಬ್ರ ನೋಡ್ರಿ" ಎಂದು ನಗುತ್ತಿದ್ದಳು. ನನಗೆ ಶುಗರ್ ಇಲ್ಲವೆಂದು ಅವಳಿಗೆ ಗೊತ್ತು. ಮತ್ತೆ ಏನಿದೆ ಎಂಬುದು ಗೊತ್ತಿಲ್ಲ. ಒಮ್ಮೆ ಕೇಳಿದಳು, ನಾನು ಮಾತು ಹೊರಳಿಸಿದೆ. ಮಾತು ಹೊರಳಿಸುವುದರಲ್ಲಿ ನಾನು ಮೊದಲಿನಿಂದಲೂ ಪಳಗಿದವನು. ಹತ್ತು ಹನ್ನೆರಡು ವರ್ಷ ಅದೇ ನನ್ನ ಕಸುಬಾಗಿತ್ತು.

ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಬರೀ ಮಾತು ಕೇಳುವುದಕ್ಕೆ ಜನ ಚಾಪೆ ಹಿಡಿದುಕೊಂಡು ಬರುತ್ತಿದ್ದರು. ಶ್ರಾವಣ ಬಂತೆಂದರೆ ಮಠಗಳಲ್ಲಿ ಪುರಾಣ, ಭಾದ್ರಪದದಲ್ಲಿ ಗಣಪತಿ ಮಂಡಳಗಳಲ್ಲಿ ವ್ಯಾಖ್ಯಾನವೆಂಬ ಭಾಷಣ, ದೀಪಾವಳಿ ಕಳೆದ ಮೇಲೆ ಕೀರ್ತನೆ, ಬೇಸಿಗೆಯಲ್ಲಿ ಭಜನೆಯ ಪಂದ್ಯ ಮತ್ತು ನಾಟಕ. ಮಾತಿಗೂ ಹಾಡಿಗೂ ಒಂದು ಸುಗ್ಗಿ ಇತ್ತು, ಆ ಸುಗ್ಗಿಗೆ ನಮ್ಮಂಥ ಕೂಲಿಗಳು ಊರಿಂದೂರಿಗೆ ತಿರುಗುತ್ತಿದ್ದೆವು. ಚಿಕ್ಕೋಡಿಯ ಬಸ್ ಸ್ಟ್ಯಾಂಡ್ ನಮ್ಮ ಜಂಕ್ಷನ್. ಅಥಣಿಗೆ ಹೊರಟ ಕೀರ್ತನಕಾರರು, ರಾಯಬಾಗಕ್ಕೆ ಹೊರಟ ಹಾರ್ಮೋನಿಯಂ ಪೇಟಿಯ ಮಾಸ್ತರರು, ನಿಪ್ಪಾಣಿಯಿಂದ ಬಂದ ಮಾತುಗಾರರು, ಎಲ್ಲರೂ ಅಲ್ಲಿ ಒಂದು ಚಹಾವನ್ನು ಇಬ್ಬಿಬ್ಬರು ಹಂಚಿಕೊಂಡು ಕುಡಿಯುತ್ತ ಸುದ್ದಿ ಬದಲಾಯಿಸುತ್ತಿದ್ದೆವು. "ಆ ಊರಾಗ ಮೈಕ್ ಕೂಗತೈತಿ, ದೂರ ನಿಂತ ಮಾತಾಡ್ರಿ." "ಈ ಊರಾಗ ಅಧ್ಯಕ್ಷರ ಭಾಷಣಾ ನಿಮಗಿಂತಾ ಉದ್ದ ಐತಿ, ಹೊಟ್ಟಿ ತುಂಬ ತಿಂದ ಹೋಗ್ರಿ."

ನಾನಿದ್ದದ್ದು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿ. ಆಮಂತ್ರಣ ಕಾರ್ಡಿನಲ್ಲಿ ನನ್ನ ಹೆಸರಿನ ಹಿಂದೆ 'ನಗೆ ಮಾತುಗಾರ' ಎಂದು ಅಚ್ಚು ಹಾಕಿಸುತ್ತಿದ್ದರು. ನಿಪ್ಪಾಣಿಯಲ್ಲಿ ಕನ್ನಡದಲ್ಲಿ ಶುರು ಮಾಡಿ ಜೋಕಿನ ಕೊನೆಯ ಸಾಲನ್ನು ಮರಾಠಿಯಲ್ಲಿ ಹೇಳುತ್ತಿದ್ದೆ. ಅಥಣಿಯಲ್ಲಿ ಪೂರ್ತಿ ಕನ್ನಡ. ಕಾಗವಾಡದಲ್ಲಿ ನಗು ಎರಡು ಕಂತಿನಲ್ಲಿ ಬರುತ್ತಿತ್ತು: ಮೊದಲು ಅರ್ಥವಾದವರದು, ಆಮೇಲೆ ಅವರಿಂದ ಅರ್ಥ ಕೇಳಿಕೊಂಡವರದು. ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವೂ ಇತ್ತು. ಒಂದು ಊರಿನಲ್ಲಿ ಹೇಳಿದ ಜೋಕನ್ನು ಆ ಊರಿನ ಬೀಗರ ಊರಿನಲ್ಲಿ ಹೇಳಬಾರದು. ಜೋಕು ನಮಗಿಂತ ಮೊದಲೇ ಅಲ್ಲಿ ಹೋಗಿ ಕೂತಿರುತ್ತದೆ. ಆದರೆ ನಮ್ಮ ಸೀಮೆಯಲ್ಲಿ ಬೀಗತನವಿಲ್ಲದ ಎರಡು ಊರು ಎಲ್ಲಿವೆ? ಹೀಗಾಗಿ ನಿಯಮವನ್ನು ಎಲ್ಲರೂ ಹೇಳುತ್ತಿದ್ದೆವು, ಯಾರೂ ಪಾಲಿಸುತ್ತಿರಲಿಲ್ಲ.

ನನ್ನ ಹತ್ತಿರ ಮಾತ್ರ ಬೀಗರೂರಿಗೂ ಸಲ್ಲುವ ಒಂದು ಐಟಂ ಇತ್ತು. ಕೇಳಿದವರೇ ಮತ್ತೆ ಕೇಳುತ್ತಿದ್ದರು. ನಾನು ವೇದಿಕೆ ಹತ್ತುವಾಗಲೇ ಹಿಂದಿನಿಂದ ಕೂಗು ಬರುತ್ತಿತ್ತು: "ಸರ, ಆಯೀದ್ ಹೇಳ್ರಿ, ಆಯೀದ್!"

ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಈ ಆಯಿ ನನ್ನ ಸ್ವಂತ ಅಜ್ಜಿಯಲ್ಲ. ನಿಪ್ಪಾಣಿಯಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿ ಇದ್ದ ಜೈನರ ಮನೆಯ ಚಂಪಾ ಆಯಿ. ಬಾಗಿದ ಸೊಂಟ, ತಲೆಯ ಮೇಲೆ ಸೆರಗು, ಕೈಯಲ್ಲಿ ಸದಾ ಒಂದು ಹಿತ್ತಾಳೆ ತಂಬಿಗೆ. ನನ್ನ ಅವ್ವ ತಂಬಾಕು ತುಂಬಿಡುವ ವಖಾರಿಗೆ ಕೆಲಸಕ್ಕೆ ಹೋಗುತ್ತಿದ್ದಳು, ಕತ್ತಲಾದ ಮೇಲೇ ಬರುತ್ತಿದ್ದಳು. ಸಾಲೆ ಬಿಟ್ಟ ಮೇಲೆ ನಾನು ಆಯಿಯ ಕಟ್ಟೆಯ ಮೇಲೆ. ನನಗೆ ಮಾತು ಬಂದದ್ದು ಆ ಕಟ್ಟೆಯ ಮೇಲೆ. ಸಾಲೆಯಲ್ಲಿ ಕಲಿತದ್ದು ಅಕ್ಷರ ಮಾತ್ರ. ಒಂದು ಗಾದೆಯನ್ನು ಎಲ್ಲಿ ಒಗೆಯಬೇಕು, ಎಲ್ಲಿ ನುಂಗಬೇಕು, ಕಥೆಯ ನಡುವೆ ಎಷ್ಟು ಹೊತ್ತು ಸುಮ್ಮನೆ ಅವರೆ ಸುಲಿಯುತ್ತ ಕೂತರೆ ಕೇಳುವವನ ಜೀವ ಬಾಯಿಗೆ ಬರುತ್ತದೆ, ಇದೆಲ್ಲ ಆಯಿಯ ವಿದ್ಯೆ. ಮುಂದೆ ಜನ ನನ್ನನ್ನು "ಏನ್ ಟೈಮಿಂಗ್ರಿ ಮಾಸ್ತರದು!" ಎಂದು ಹೊಗಳಿದಾಗ ಅದು ಅವರೆ ಸುಲಿಯುವ ಟೈಮಿಂಗ್ ಎಂದು ನಾನು ಯಾರಿಗೂ ಹೇಳಲಿಲ್ಲ.

ಆಯಿ ಹೊತ್ತು ಮುಳುಗಿದ ಮೇಲೆ ಉಣ್ಣುವವಳಲ್ಲ, ಒಲೆಯನ್ನೂ ಹಚ್ಚುವವಳಲ್ಲ. ಅವರ ಮನೆತನದ ನೇಮ ಅದು. ಹಾಗಾಗಿ ಸಂಜೆ ಅವಳ ಮನೆಯಲ್ಲಿ ಬೆಂಕಿ ಬಿದ್ದಂಥ ಅವಸರ. ನನ್ನ ಐಟಂ ಹುಟ್ಟಿದ್ದು ಆ ಅವಸರದಿಂದ. ಸನ್ಮಾನದ ಶಾಲನ್ನೇ ಸೆರಗಿನಂತೆ ತಲೆಯ ಮೇಲೆ ಹೊದ್ದು, ಸೊಂಟ ಬಾಗಿಸಿ, ಎಡಗೈಯಲ್ಲಿ ಇಲ್ಲದ ತಾಟು ಹಿಡಿದು ನಾನು ವೇದಿಕೆಯ ತುಂಬ ಓಡುತ್ತಿದ್ದೆ. ಒಂದು ತುತ್ತು ಬಾಯಿಗೆ, ಒಂದು ಕಣ್ಣು ಪಶ್ಚಿಮಕ್ಕೆ. ಸೂರ್ಯ ಇಳಿದಷ್ಟೂ ತುತ್ತು ದೊಡ್ಡದು. ಕೊನೆಗೆ ಬಾಯಿ ತುಂಬಿಕೊಂಡು, ಕೈಯೆತ್ತಿ ಸೂರ್ಯನಿಗೆ ಗದರುವುದು: "ಏ ಸೂರ್ಯಪ್ಪಾ, ತಡಿಯೋ! ಇನ್ನೂ ಅರ್ಧಾ ರೊಟ್ಟಿ ಐತಿ!"

ಮಂಗಸೂಳಿಯಲ್ಲಿ ಈ ಸಾಲಿಗೆ ಒಬ್ಬ ಮುದುಕರು ನಗುತ್ತ ನಗುತ್ತ ಕಟ್ಟೆಯಿಂದ ಜಾರಿ ಬಿದ್ದಿದ್ದರು. ಬಿದ್ದಲ್ಲಿಂದಲೇ "ಹಾಂ, ಮುಂದ್ ಹೇಳ್ರಿ" ಎಂದಿದ್ದರು. ಜೈನರೇ ಹೆಚ್ಚಾಗಿದ್ದ ಊರುಗಳಲ್ಲೂ ನಗುತ್ತಿದ್ದರು. ಎಲ್ಲರ ಮನೆಯಲ್ಲೂ ಇಂಥ ಒಬ್ಬ ಆಯಿ ಇದ್ದೇ ಇರುತ್ತಾಳಲ್ಲ. ಅದರಿಂದ ನನಗೆ ಯಾವ ಅಳುಕೂ ಇರಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಭಾದ್ರಪದದಲ್ಲಿ ಬೇಡಕಿಹಾಳದ ಗಣಪತಿ ಮಂಡಳದವರು ನನ್ನನ್ನು ಕರೆದರು. ಸಂಜೆ ಏಳಕ್ಕೆ ವ್ಯಾಖ್ಯಾನ. ಅವರ ಕಾಗದದ ಹಿಂದೆಯೇ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಬರೆದವಳು ಸುಶೀಲಕ್ಕ, ಆಯಿಯ ಕೊನೆಯ ಮಗಳು. ಅವಳನ್ನು ಆ ಊರಿಗೇ ಕೊಟ್ಟಿದ್ದರು. ಆಯಿ ಈಗ ತನ್ನ ಮನೆಯಲ್ಲೇ ಇದ್ದಾಳೆ, ಮಂಡಳದ ಹಲಗೆಯ ಮೇಲೆ ನಿನ್ನ ಹೆಸರು ಓದಿಸಿಕೊಂಡು ಕೇಳಿದಾಗಿನಿಂದ ಒಂದೇ ಸಮ ಜಪ ಮಾಡುತ್ತಿದ್ದಾಳೆ, ನಾಲ್ಕರೊಳಗೆ ಬಂದುಬಿಡು, ಆಯಿ ನಿನ್ನ ಕೂಡ ಕೂತು ಉಣ್ಣುತ್ತೇನೆ ಎಂದಿದ್ದಾಳೆ, ಎಂದು ಬರೆದಿದ್ದಳು. ನಾನು ಆಯಿಯನ್ನು ನೋಡಿ ಆಗಲೇ ಆರೇಳು ವರ್ಷವಾಗಿತ್ತು. ದಿನಾ ಅವಳ ವೇಷ ಹಾಕುತ್ತಿದ್ದವನಿಗೆ ಅಷ್ಟು ವರ್ಷವಾದದ್ದು ಗೊತ್ತೇ ಆಗಿರಲಿಲ್ಲ.

ಅದೇ ದಿನ ಮಧ್ಯಾಹ್ನ ದಿಗ್ಗೇವಾಡಿಯಲ್ಲಿ ಇನ್ನೊಂದು ಕಾರ್ಯಕ್ರಮವಿತ್ತು. ಒಂದೂವರೆಯೊಳಗೆ ಮುಗಿಯಿತು. ಎರಡರ ಬಸ್ಸು ಹಿಡಿದಿದ್ದರೆ ನಾಲ್ಕಕ್ಕೆ ಬೇಡಕಿಹಾಳ. ಚೀಲ ಹೆಗಲಿಗೆ ಹಾಕಿದ್ದೆ. ಅಷ್ಟರಲ್ಲಿ ಅಲ್ಲಿಯ ಹೆಡ್ ಮಾಸ್ತರರು ಓಡಿಬಂದರು.

"ಸರ, ಹೊಲದಿಂದ ಹೆಣ್ಮಕ್ಕಳೆಲ್ಲಾ ಈಗ ಬಂದಾರ್ರಿ. ಆಯೀದ್ ತಪ್ಪಿಸಿಕೊಂಡ್ವಿ ಅಂತ ಹಳಹಳಿ ಮಾಡಾಕತ್ತಾರ. ಇನ್ನೊಮ್ಮೆ ಆಗಲ್ರಿ."

"ಬಸ್ ಐತ್ರಿ ಸರ."

"ಬಸ್ ಏನ್ರಿ, ಒಂದ್ ಹೋದ್ರ ಇನ್ನೊಂದ್ ಬರತೈತಿ. ಇಂಥಾ ಜನಾ ಬರತಾರೇನ್ರಿ?"

ಈ ಮಾತಿಗೆ ಕರಗದ ಮಾತುಗಾರ ಇನ್ನೂ ಹುಟ್ಟಿಲ್ಲ. ಚೀಲ ಇಳಿಸಿದೆ, ಶಾಲು ಹೊದ್ದೆ, ಓಡಿದೆ, ಸೂರ್ಯನಿಗೆ ಗದರಿದೆ. ಹೆಣ್ಣುಮಕ್ಕಳು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಎರಡರ ಬಸ್ಸು ಹೋಯಿತು. ಮುಂದಿನದು ಬರಲೇ ಇಲ್ಲ, ಅದರ ಮುಂದಿನದು ನಾಲ್ಕೂವರೆಗೆ ಬಂತು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವಾಗ ಸೂರ್ಯ ಕೆಳಗಿಳಿದಿದ್ದ. ನಾನು ಸ್ಟ್ಯಾಂಡಿನಲ್ಲಿ ನಿಂತು ಒಂದು ಪ್ಲೇಟು ಮಿರ್ಚಿ ಭಜಿ ತಿಂದೆ. ನಿಜ ಹೇಳುತ್ತೇನೆ, ಆಗ ಆಯಿಯ ನೆನಪಾಯಿತು. ಆದರೆ ನೆನಪಾದದ್ದು ಯಾವ ಆಯಿ? ವೇದಿಕೆಯ ಆಯಿ. ತಾಟು ಹಿಡಿದು ಓಡುವ ಆಯಿ. 'ಅವಳು ಯಾರಿಗೂ ಕಾಯುವವಳಲ್ಲ, ಇಷ್ಟೊತ್ತಿಗೆ ಉಂಡು ತಾಟು ತೊಳೆದಿಟ್ಟಿರುತ್ತಾಳೆ' ಎಂದುಕೊಂಡು ಇನ್ನೊಂದು ಪ್ಲೇಟು ಹೇಳಿದೆ. ಊರೂರಿಗೆ ಹೇಳಿ ಹೇಳಿ ನನ್ನ ಜೋಕನ್ನು ನಾನೇ ನಂಬಿದ್ದೆ.

ಬೇಡಕಿಹಾಳ ಮುಟ್ಟಿದಾಗ ಏಳಾಗಿತ್ತು. ಮಂಡಳದ ಕಾರ್ಯದರ್ಶಿ ಬಸ್ಸಿನ ಮೆಟ್ಟಿಲಲ್ಲೇ ನನ್ನ ಕೈ ಹಿಡಿದ. "ಪಾವಣೇರ, ಲಗೂ ನಡ್ರಿ. ನಿಮ್ಮದು ಮುಗದ ಮ್ಯಾಲ ವಿಡಿಯೋ ಇಟ್ಟೇವಿ. ಜನಾ ಕೇಳವಲ್ರು." ಆ ವರ್ಷಗಳಲ್ಲಿ ಅದೊಂದು ಹೊಸ ಪೀಡೆ ಶುರುವಾಗಿತ್ತು. ವ್ಯಾಖ್ಯಾನ ಮುಗಿದ ಮೇಲೆ ಬಾಡಿಗೆಯ ಟಿವಿಯಲ್ಲಿ ಸಿನಿಮಾ. ಜನ ಸಿನಿಮಾಕ್ಕೆಂದೇ ಬಂದು ನಮ್ಮನ್ನು ಸಹಿಸಿಕೊಳ್ಳುತ್ತಿದ್ದರು. ತಲೆಗೆ ಗುಲಾಬಿ ಬಣ್ಣದ ಪಟಕಾ ಸುತ್ತಿದರು, ಶಾಲು ಹೊದಿಸಿದರು, ಮೈಕಿನ ಮುಂದೆ ನಿಲ್ಲಿಸಿದರು.

ಇಲ್ಲಿ ಆಯಿಯ ಐಟಂ ಬೇಡ ಎಂದು ನಾನು ಬಸ್ಸಿನಲ್ಲೇ ನಿಶ್ಚಯಿಸಿದ್ದೆ. ಅಷ್ಟು ಮರ್ಯಾದೆ ಇನ್ನೂ ಉಳಿದಿತ್ತು. ಬೇರೆ ಏನೇನೋ ಹೇಳಿದೆ. ಸಾಹೇಬರು ಬಂದ ಜೋಕು, ಹೊಸ ಅಳಿಯನ ಜೋಕು. ಒಂದೂ ಏಳಲಿಲ್ಲ. ಹಿಂದಿನಿಂದ ಯಾರೋ "ವಿಡಿಯೋ ಹಚ್ರಿ!" ಎಂದರು. ಇನ್ನೊಬ್ಬ ಸೀಟಿ ಹೊಡೆದ. ನನಗೆ ಪಟಕಾದ ಒಳಗೆ ಬೆವರು ಬಂತು. ಬೆವರಿದ ಮಾತುಗಾರನಿಗೆ ಮರ್ಯಾದೆ, ಸಂಬಂಧ ಯಾವುದೂ ಕಾಣುವುದಿಲ್ಲ. ಕೈ ತಾನಾಗಿ ಶಾಲಿಗೆ ಹೋಯಿತು, ಸೊಂಟ ತಾನಾಗಿ ಬಾಗಿತು.

ನಗು ಬಂತು. ಮಳೆ ಬಂದಂತೆ ಬಂತು. ಸೀಟಿ ಹೊಡೆದವನೇ ಚಪ್ಪಾಳೆ ಹೊಡೆದ. ನಾನು ಉಬ್ಬಿಹೋಗಿ ಇನ್ನಷ್ಟು ಸೇರಿಸಿದೆ. ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುವುದು, ತಾಟು ನೆಕ್ಕುವುದು. ಆಯಿ ತಾಟು ನೆಕ್ಕಿದ್ದನ್ನು ನಾನು ಎಂದೂ ಕಂಡಿರಲಿಲ್ಲ. "ಏ ಸೂರ್ಯಪ್ಪಾ, ತಡಿಯೋ!" ಎಂದು ಕೈಯೆತ್ತಿ ತಿರುಗಿದಾಗ ಹೆಣ್ಣುಮಕ್ಕಳ ಸಾಲಿನ ಮುಂದೆ ಒಂದು ಮಣೆ ಕಾಣಿಸಿತು. ಮಣೆಯ ಮೇಲೆ ಬಾಗಿದ ಸೊಂಟ, ತಲೆಯ ಮೇಲೆ ಸೆರಗು. ಪಕ್ಕದಲ್ಲಿ ಸುಶೀಲಕ್ಕ ತಲೆ ತಗ್ಗಿಸಿ ಕೂತಿದ್ದಳು. ಆಯಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಗುತ್ತಿದ್ದಳು. ಹಲ್ಲಿಲ್ಲದ ಬಾಯಿ ತೆರೆದು ಎಲ್ಲರ ಜೊತೆ ನಗುತ್ತಿದ್ದಳು.

ಆಮೇಲೆ ನಾನು ಏನು ಮಾತಾಡಿದೆನೋ ನೆನಪಿಲ್ಲ. ಕೆಳಗಿಳಿದು ಅವಳ ಮುಂದೆ ನಿಂತೆ. ಕಾಲು ಮುಟ್ಟಲು ಬಾಗಿದರೆ ಪಟಕಾ ಕಳಚಿ ಅವಳ ತೊಡೆಯ ಮೇಲೆ ಬಿತ್ತು.

"ಬಾಳ್ಯಾ, ಎಷ್ಟ ಬಡವ ಆಗಿಯೋ" ಎಂದು ಕೆನ್ನೆ ಸವರಿದಳು. "ಭಾಳ ಛಲೋ ಹೇಳ್ತಿ ನೋಡು. ನನ್ನ ಸೊಂಟಾ ಹಿಂಗ ಐತಿ. ಓಡೋದೂ ಹಂಗ ಐತಿ. ಎಲ್ಲಾ ಬರೋಬರಿ ತಗದಿ."

"ತಪ್ಪಾತ ಆಯಿ..."

"ತಪ್ಪೇನ್ ಬಂತು? ಜನಾ ನಕ್ಕರಲಾ." ಪಟಕಾವನ್ನು ಮಡಚುತ್ತ ಮಡಚುತ್ತ ಸ್ವಲ್ಪ ಹೊತ್ತು ಸುಮ್ಮನಾದಳು. ಅವರೆ ಸುಲಿಯುವಾಗ ಸುಮ್ಮನಾಗುತ್ತಿದ್ದಂತೆಯೇ. "ಒಂದ ಮರತಿ ಅಷ್ಟ. ತಾಟ ಎರಡ ಇರ್ತಿದ್ವಲ್ಲೋ."

ಎರಡು ತಾಟು. ಒಂದು ಅವಳದು, ಒಂದು ನನ್ನದು. ಹೊತ್ತು ಮುಳುಗಿದರೆ ಒಲೆ ಹಚ್ಚುವಂತಿಲ್ಲ. ಅವ್ವ ವಖಾರಿಯಿಂದ ಬರುವುದು ಕತ್ತಲಾದ ಮೇಲೆ. ಅಷ್ಟರೊಳಗೆ ಪಕ್ಕದ ಮನೆಯ ಹುಡುಗನಿಗೆ ಬಿಸಿ ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯ ಹಾಕಿ, ಅವನು ಉಂಡ ಮೇಲೆ ಉಳಿದ ಹೊತ್ತಿನಲ್ಲಿ ತಾನು ಉಣ್ಣಬೇಕು. ಅದಕ್ಕೇ ಆ ಓಟ. ನಾನೋ ಆಟದ ಧ್ಯಾನದಲ್ಲಿ ನಿಧಾನ ತಿನ್ನುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು ಪಶ್ಚಿಮಕ್ಕೆ ಕೈಯೆತ್ತಿ ಕೂಗುತ್ತಿದ್ದದ್ದು, "ಏ ಸೂರ್ಯಪ್ಪಾ, ತಡಿಯೋ! ಹುಡುಗಂದು ಇನ್ನೂ ಅರ್ಧಾ ರೊಟ್ಟಿ ಐತಿ!" ಎಂದು. ಹುಡುಗನನ್ನು ನಾನು ತೆಗೆದುಹಾಕಿದ್ದೆ. ಅವನಿದ್ದರೆ ನಗು ಬರುತ್ತಿರಲಿಲ್ಲ.

"ಮನೀಗೆ ಬರ್ತೀನಿ ನಡಿ ಆಯಿ. ಒಂದ್ ತಂಬಿಗಿ ನೀರ್ ಕುಡದ ಹೋಗ್ತೀನಿ" ಎಂದೆ.

ಸುಶೀಲಕ್ಕ ತಗ್ಗಿಸಿದ ತಲೆ ಎತ್ತಿದಳು. "ನೀ ಕುಡೀತಿಪಾ. ಅಕಿ ಕುಡಿಯೂ ಹಂಗಿಲ್ಲ" ಎಂದಳು. "ಪರ್ವ ನಡದೈತಿ. ಅವ್ವಂದು ಏಕಾಶನ. ದಿನಕ್ಕ ಒಂದ ಹೊತ್ತ ಊಟಾ, ನೀರೂ ಅದರ ಜೋಡೀನ. ದಿನಾ ಹನ್ನೆರಡಕ್ಕ ಉಣ್ತಿದ್ಲು. ಇವತ್ತ ಬಾಳ್ಯಾ ಬರ್ತಾನ, ಅವನ ಕೂಡ ಕೂಡ್ತೀನಿ ಅಂತ ಮುಂದಕ್ಕ ಹಾಕಿದ್ಲು. ನಾಕಾತು, ಐದಾತು. ಹೊತ್ತ ಮುಳುಗೂತನಾ ಬಾಗಲ್ದಾಗ ನಿಂತಿದ್ಲು."

ಗಣಪತಿಯ ದಿನಗಳೂ ಜೈನರ ದಶಲಕ್ಷಣ ಪರ್ವದ ದಿನಗಳೂ ಒಂದೇ ಎಂಬುದು ನಮ್ಮ ಸೀಮೆಯಲ್ಲಿ ಎಳೆ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆ ಕಟ್ಟೆಯ ಮೇಲೆ ಬೆಳೆದವನಿಗೆ ಗೊತ್ತಿರದೆ ಇರುತ್ತದೆಯೇ? ನನ್ನ ಬಾಯಿಯಲ್ಲಿ ಇನ್ನೂ ಭಜಿಯ ಮೆಣಸಿನಕಾಯಿ ಉರಿಯುತ್ತಿತ್ತು.

"ಸುಮ್ನಿರ ಸುಶೀ" ಎಂದಳು ಆಯಿ. "ನಾಳಿ ಉಂಡ್ರಾತು. ಸೂರ್ಯಾ ಎಲ್ಲಿ ಹೋಗ್ತಾನ?"

"ನಾ ಇವತ್ತ ಇಲ್ಲೇ ಇರ್ತೀನಿ ಆಯಿ. ನಾಳೆ ನಿನ್ನ ಕೂಡ ಉಂಡ ಹೋಗ್ತೀನಿ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಕಾರ್ಯದರ್ಶಿ ಬಂದ. "ಪಾವಣೇರ, ಜೀಪ್ ನಿಂತೈತ್ರಿ. ನಾಳೆ ಕಾಗವಾಡದಾಗ ಕಾರ್ಯಕ್ರಮ ಐತಿ ಅಂದಿದ್ರಲ್ಲ, ಈ ಜೀಪ್ ಬಿಟ್ರ ನಾಳಿ ಮಧ್ಯಾಹ್ನತನಾ ಗಾಡಿ ಇಲ್ರಿ."

ಆಯಿ ನನ್ನ ಮುಖ ನೋಡಿದಳು. ನಾನು ಜೀಪಿನ ಕಡೆ ನೋಡಿದ್ದನ್ನೂ ನೋಡಿದಳು. ಮಡಚಿದ ಪಟಕಾವನ್ನು ನನ್ನ ಕೈಗೆ ಕೊಟ್ಟು, "ಹೋಗು. ಜನಾ ಹಾದೀ ಕಾಯ್ತಿರ್ತಾರ. ಯಾರ್ನೂ ಕಾಯಸಬಾರ್ದು" ಎಂದಳು. ಚುಚ್ಚಿ ಹೇಳಿದ್ದಲ್ಲ. ಅವಳಿಗೆ ಚುಚ್ಚಲು ಬರುತ್ತಿರಲಿಲ್ಲ. ಬಂದಿದ್ದರೆ ನಾನು ಅದನ್ನೂ ಕಲಿತಿರುತ್ತಿದ್ದೆ.

ನಾನು ಹೋದೆ.

ಮರುವರ್ಷ ಒಂದೆರಡು ಊರುಗಳಲ್ಲಿ ಎರಡು ತಾಟಿನ ಕಥೆಯನ್ನೇ ಹೇಳಿ ನೋಡಿದೆ. ಎಡಗೈಯಲ್ಲಿ ಒಂದು ತಾಟು, ಬಲಗೈಯಲ್ಲಿ ಒಂದು. ಎರಡೂ ಕೈ ತುಂಬಿದವನು ಸೂರ್ಯನಿಗೆ ಹೇಗೆ ಗದರಬೇಕು? ಹುಡುಗನ ಹೆಸರು ಬಂದ ಕೂಡಲೇ ಜನ ಗಂಭೀರರಾಗಿ ಕೂತರು. ರಾಯಬಾಗದಲ್ಲಿ ಒಬ್ಬರು ನನ್ನನ್ನು ಬದಿಗೆ ಕರೆದು, "ಸರ, ಮೊದಲಿನ್ಹಾಂಗ ಹೇಳ್ರಿ. ಈಗಿಂದು ಪಾಠ ಕೇಳಿದಂಗ ಆಗತೈತಿ" ಎಂದರು. ಆಮೇಲೆ ಮನೆಮನೆಗೆ ಟಿವಿ ಬಂತು, ಮಂಡಳಗಳಿಗೆ ಆರ್ಕೆಸ್ಟ್ರಾ ಬಂತು, ಚಿಕ್ಕೋಡಿಯ ಸ್ಟ್ಯಾಂಡಿನಲ್ಲಿ ಪೇಟಿ ಹೊತ್ತವರು ಕಾಣದಾದರು. ನಮ್ಮ ಸುಗ್ಗಿ ಮುಗಿಯಿತು. ಟಿವಿಯಿಂದಾಗಿ ನಾನು ವೇದಿಕೆ ಬಿಟ್ಟೆ ಎಂದು ಎಲ್ಲರಿಗೂ ಹೇಳುತ್ತೇನೆ, ಶುಗರಿನ ಮಾತಿನಂತೆಯೇ ಅದೂ. ಆಯಿಯನ್ನು ನೋಡಲು ಹೋಗಬೇಕೆಂದು ಪ್ರತಿ ಸಲವೂ ಅಂದುಕೊಂಡೆ: ಈ ಸೀಜನ್ ಮುಗಿಯಲಿ, ಹೋಗೋಣ. ಅಂಥ ಒಂದು ಸೀಜನ್ ಮುಗಿಯುವ ಮೊದಲೇ ಸುಶೀಲಕ್ಕನ ಇನ್ನೊಂದು ಪತ್ರ ಬಂತು. ಆ ಪತ್ರದಲ್ಲಿ ಊಟಕ್ಕೆ ಬಾ ಎಂದಿರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಿಮಗೆ ನನ್ನ ಮೇಲೆ ಕೊಂಚ ಮರುಕ ಉಳಿಯುತ್ತಿತ್ತೇನೋ. ಆದರೆ ಮರುದಿನದ ಕಾಗವಾಡದ ಮಾತು ಬಾಕಿ ಇದೆ. ಅದನ್ನು ಮನೆಯಲ್ಲೂ ಹೇಳಿಲ್ಲ.

ಕಾಗವಾಡದಲ್ಲಿ ಕಾರ್ಯಕ್ರಮ ಇದ್ದದ್ದು ಸಂಜೆ ಆರಕ್ಕೆ, ಒಂದು ಸಾಲೆಯ ಬಯಲಿನಲ್ಲಿ. ಆಯಿಯ ಕೂಡ ಉಂಡು ಮಧ್ಯಾಹ್ನದ ಗಾಡಿ ಹಿಡಿದಿದ್ದರೂ ಮುಟ್ಟುತ್ತಿದ್ದೆ. ವೇದಿಕೆಗೆ ಪಶ್ಚಿಮ ಎದುರಾಗಿತ್ತು. ಚಾಪೆಯ ಮೇಲೆ ಕೂತ ಜನರ ತಲೆಗಳ ಆಚೆ, ಕಬ್ಬಿನ ಗರಿಗಳ ಮೇಲೆ ಸೂರ್ಯ ಕೆಂಪಗೆ ನಿಂತಿದ್ದ. ಅಂಥ ರಂಗಸಜ್ಜಿಕೆ ಯಾವ ಊರಿನಲ್ಲೂ ಸಿಕ್ಕಿರಲಿಲ್ಲ. ಬೇಡಕಿಹಾಳದಲ್ಲಿ ಆಯಿ ಇವತ್ತು ಎಷ್ಟಕ್ಕೆ ಉಂಡಳೋ, ಎರಡು ದಿನದ ಹಸಿವೆಗೆ ಗಂಟಲಲ್ಲಿ ರೊಟ್ಟಿ ಇಳಿಯಿತೋ ಇಲ್ಲವೋ ಎಂದು ನಾನು ಬೆಳಗಿನಿಂದ ಲೆಕ್ಕ ಹಾಕುತ್ತಲೇ ಇದ್ದೆ. ಮೈಕಿನ ಮುಂದೆ ನಿಂತಾಗಲೂ ಅದೇ ಲೆಕ್ಕ.

ಹಿಂದಿನಿಂದ ಕೂಗು ಬಂತು: "ಸರ, ಆಯೀದ್!"

ನಾನು ಇಲ್ಲ ಎನ್ನಲು ಬಾಯಿ ತೆರೆದೆ. ಇನ್ನೂ ನಾಲ್ಕು ಕಡೆಯಿಂದ ಕೂಗಿದರು. ನೋಡಿದರೆ ಶಾಲು ತಲೆಯ ಮೇಲಿತ್ತು. ಸೊಂಟ ಬಾಗಿತ್ತು. ಓಡಿದೆ, ನುಂಗಿದೆ, ಕೈಯೆತ್ತಿ ಎದುರಿನ ನಿಜವಾದ ಸೂರ್ಯನಿಗೆ ಗದರಿದೆ. ಕಾಗವಾಡದ ನಗು ಎರಡು ಕಂತಿನಲ್ಲಿ ಬಂತು, ಒಂದರ ಹಿಂದೆ ಒಂದು. ಅದು ನಿಲ್ಲುವವರೆಗೆ ನಾನು ಅಲುಗಾಡದೆ ನಿಂತಿದ್ದೆ. ಎಡಗೈ ಗಾಳಿಯಲ್ಲಿ ತಾಟು ಹಿಡಿದೇ ಇತ್ತು. ಒಂದೇ ತಾಟು.